ಗನಿ ಕಳಿಸಿದ ಕ್ಯಾಸೆಟ್

ಯಾಕ್ ನಗಾಕತ್ತೀರಿ ಉಸ್ತಾದ್ರ? ನೀರಿನ ಸಪ್ಪಳನ ಅದು! ಈ ಟೇಪರಿಕಾರ್ಡರ್ ಹೊತ್ಕೊಂಡು ಭೀಮಾ ಹೊಳಿದಂಡಿಗೆ ಹೋಗಿ, ಒಂದ್ ತಾಸು ಉಸುಕಿನ್ಯಾಗ ಕುಂತು ತುಂಬಿಸ್ಕೊಂಡು ಬಂದೇನಿ. ನಡುವ ಆಡು ಒದರಿದ್ರ ನಾ ಏನ್ ಮಾಡ್ಲಿ? ಡಾಕ್ಟರು ಅಂದದ್ದು ನೀವೂ ಕೇಳೀರಲ್ಲ... 'ಇನ್ನ ಗುಳಿಗಿ ಸೂಜಿ ಸಾಕು, ಊರಿಗೆ, ಚೌಡಾಪುರಕ್ಕ ಕರ್ಕೊಂಡು ಹೋಗ್ರಿ, ಮನಸ್ಸಿಗೆ ಹಿತ ಆಗೂದು ಕೇಳಸ್ರಿ, ತೋರಸ್ರಿ.' ಅದಕ್ಕ ಈ ನೀರು. ಅದಕ್ಕ ಕಿಟಕಿನೂ ತಗದೇನಿ. ನೋಡ್ರಿ, ತೊಗರಿ ಹೂ ಬಿಟ್ಟು ಹೊಲೆಲ್ಲ ಹಳದಿ ಹಳದಿ ಆಗ್ಯದ. ಕಾಣಸ್ತದಿಲ್ಲೋ? ತಲಿದಿಂಬ ಏರಸ್ಲಿ?

ಆತು, ಆತು, ಸುಮ್ಮನ ಕುಂದರ್ತೇನಿ. ಎಲ್ಲಿ ಕುಂದ್ರಾಕ ಆಗ್ತದ್ರೀ ನನಗ! ಮೂವತ್ತ ವರ್ಸ ನಿಮ್ಮ ಬಾಜೂಕ ಕುಂತು ಒಂದ ಸ್ವರದ ಸೂರ್ ಹಿಡದು ಊದಿದವ ಈ ನಾಗಣ್ಣ... ನೀವು ಶಹನಾಯಿ ತುಟಿಗೆ ಹಚ್ಚಿದ್ರ ನನಗ ಜೀವ ಬರ್ತಿತ್ತು. ಈಗ ನೀವು ಒಂದ್ ಉಸರಿಗೆ ಒದ್ದಾಡಾಕತ್ತೀರಿ, ನಾ ಕೈ ಕಟ್ಕೊಂಡು... ಛೇ! ಬಿಡ್ರಿ ಅದೆಲ್ಲ.

ಇನ್ನೊಂದು ಕ್ಯಾಸೆಟ್ ಅದ. ಗನಿದು! ಹೌದ್ರಿ, ನಿಮ್ಮ ಮಗ ಅಬ್ದುಲ್ ಗನಿದು. ಅಬಬಬಾ, ಕಣ್ಣ ಎಷ್ಟ ಅಗಲ ಆದ್ವು! ಮೊನ್ನೆ ಸೋಲಾಪುರಕ್ಕ ಹೋಗಿದ್ನಲ್ಲ, ಅವನ ಕೈಯಾರ ಕೊಟ್ಟ ಕಳಿಸ್ಯಾನ. ಬ್ಯಾಂಡಿನ್ಯಾಗ ಸೇರ್ದಾ ಅಂತ ನೀವು ಮನಿ ಬಿಡಿಸಿ ಎಂಟ ವರ್ಸ ಆತು... ಶಹನಾಯಿ ಮಾತ್ರ ಬಿಟ್ಟಿಲ್ಲ ನೋಡ್ರಿ ಅಂವ. ಕೇಳ್ರಿ... ಹ್ಞಾಂ! ಸ್ವರಾನ ಹೆಂಗ ಜಗ್ಗ್ಯಾನ! ಅಪ್ಪನ ಹಂಗ ಊದತಾನ ಅಲ್ರಿ? ಒಮ್ಮೆ ಶಾಬಾಸ್ ಅನ್ರಿ.

ಯಾಕ, ಕಣ್ಣ ಮುಚ್ಚಿದ್ರಿ? ನಿದ್ದಿ ಬಂತೇನು? ಇಲ್ಲ... ಬೆರಳು ಚಾದರ ಮ್ಯಾಲ ಆಡಾಕತ್ತಾವ. ಆಡ್ಲಿ, ಆಡ್ಲಿ...

ಉಸ್ತಾದ್ರ, ಹಂಗ ಓಡಸ್ಬ್ಯಾಡ್ರಿ ಬೆರಳು. ಸ್ವರ ಇನ್ನ ಬಂದೇ ಇಲ್ಲ, ನಿಮ್ಮ ಬೆರಳು ಮೊದಲ ಅಲ್ಲಿ ಹೋಗಿ ನಿಂತಾವ! ಈಗ ಮೊದಲನೇ ಸಲ ಕೇಳಾಕತ್ತೀರಿ, ಮುಂದ ಏನ್ ಬರ್ತದಂತ ನಿಮಗ ಹೆಂಗ... ಹಂಗ ನೋಡಬ್ಯಾಡ್ರಿ ನನ್ನ. ಅಡಗಿಮನಿ ಕಡೆ ಏನ್ ನೋಡ್ತೀರಿ? ಸುಲ್ತಾನಬಿ ಭಾಬಿಗೆ ಇದೇನೂ ಗೊತ್ತಿಲ್ಲ. ತಗದೆ, ತಗದೆ, ಬಂದ್ ಮಾಡ್ದೆ.

ಹೌದ್ರಿ... ನೀವ ಊದಿದ್ದು. ಅಂದೋಲಾ ಊರಾಗ, ಬಸವಂತರಾಯರ ಮಗಳ ಮದಿವ್ಯಾಗ. ಅವರ ಮನ್ಯಾಗಿತ್ತು ಕ್ಯಾಸೆಟ್, ಕೈಕಾಲ ಬಿದ್ದು ತಂದೇನಿ.

ಬಯ್ರಿ! ಯಾಕ ಬಯ್ಯವಲ್ರಿ? ದಿನಾ ಮುಂಜಾನೆದ್ದು 'ಗನಿ ಯಾವಾಗ ಬರ್ತಾನ' ಅಂತ ಕೇಳ್ತಿದ್ರಿ, ಇವತ್ತೂ ಕೇಳ್ರಲ್ಲ. ಏನರ ಒಂದ್ ಹೇಳ್ತೇನಿ... ಕೇಳಂಗಿಲ್ರಿ? ಉಸ್ತಾದ್ರ?

ಖರೇನ ಹೋಗಿದ್ದೆ ಸೋಲಾಪುರಕ್ಕ. ಗನಿ ಒಳಗ ಬಾ ಅನಲಿಲ್ಲ. 'ನನ್ನ ಪಾಲಿಗೆ ನೀ ಸತ್ತಿ ಅಂತ ಅಬ್ಬಾನ ಅಂದಿದ್ರು. ಸತ್ತಾಂವ ಹೆಂಗ ಬರ್ತಾನ ಕಾಕಾ?' ಅಂದಾ. ಮೂರ ದಿನ ಆತು ಬಂದು... ಈ ಮಾತು ನಿಮ್ಮ ಮುಂದ ಹೇಳಾಕ ನನ್ನ ಕೈಲೆ ಆಗಲಿಲ್ರಿ.