ಹಳದಿ ಪಟ್ಟಿಯ ಮೇಲಿನ ಕರಿ ಟೇಪು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಿವೃತ್ತ ಪ್ರಾಚಾರ್ಯರಾದ ರಾಜಾರಾಮ ಗುರುಗಳೇ, ನಮ್ಮ ದ್ರಾಕ್ಷಿ ಬೆಳೆಗಾರರ ಸಂಘದ ಕಾರ್ಯದರ್ಶಿಗಳಾದ ಸಂಗ್ರಾಮ ಅವರೇ, ಆಡಳಿತ ಮಂಡಳಿಯ ಸದಸ್ಯರೇ, ಇಂದು ನಾವು ಬೀಳ್ಕೊಡಲು ಕರೆದು ಕೂಡಿಸಿರುವ ನಮ್ಮ ಮಣ್ಣು ಪರೀಕ್ಷಾ ಕೇಂದ್ರದ ನೀಲಮ ಅವರೇ, ಮಂಗಸೂಳಿ, ಜುಗೂಳ ಮತ್ತು ಸುತ್ತಲಿನ ಹಳ್ಳಿಗಳಿಂದ ಕೊಯ್ಲಿನ ಗಡಿಬಿಡಿ ಬಿಟ್ಟು ಬಂದಿರುವ ರೈತ ಬಾಂಧವರೇ, ತಾಯಂದಿರೇ, ಎರಡನೆಯ ಸಾಲಿನಲ್ಲಿ ಕುಳಿತು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿರುವ ನಮ್ಮ ಮನೆಯ ಚನ್ನವ್ವನವರೇ, ಸಮಸ್ತ ಸಭಿಕರೇ.

ಹೆಂಡತಿಯ ಹೆಸರನ್ನು ವೇದಿಕೆಯ ಮೇಲೆ ಹೇಳುವ ಪದ್ಧತಿ ನಮ್ಮ ಕಡೆ ಇಲ್ಲ. ಇವತ್ತು ಹೇಳಿದೆ. ಹೇಳದಿದ್ದರೆ ಮನೆಯಲ್ಲಿ ಊಟವಿಲ್ಲ ಎಂಬ ಪರಿಸ್ಥಿತಿ ಇದೆ. ಯಾಕೆ ಎಂಬುದು ಸ್ವಲ್ಪ ಹೊತ್ತಿನಲ್ಲಿ ನಿಮಗೇ ತಿಳಿಯುತ್ತದೆ.

ಮೊದಲು ಸಂತೋಷದ ಮಾತು ಆಡೋಣ. ಈ ವರ್ಷ ನಮ್ಮ ಕೇಂದ್ರ ನಾಲ್ಕು ನೂರಕ್ಕೂ ಹೆಚ್ಚು ಹೊಲಗಳ ಮಣ್ಣು ಪರೀಕ್ಷೆ ಮಾಡಿತು. ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ ಶುರುವಾಗುವ ಮುಂಚೆ ಪ್ರತಿಯೊಬ್ಬರ ಕೈಗೂ ವರದಿ ಸಿಕ್ಕಿತು. ಯಾವ ಗೊಬ್ಬರ ಎಷ್ಟು ಹಾಕಬೇಕು ಎಂದು ಗೊತ್ತಾಗದೆ ಯಾರೂ ಕೈ ಕಟ್ಟಿ ಕೂಡಲಿಲ್ಲ. ಹನ್ನೆರಡು ವರ್ಷದ ಹಳೆಯ ವರದಿಗಳಲ್ಲಿ ಒಂದೂ ಕಳೆದಿಲ್ಲ. ಇದನ್ನು ಹೇಳುವಾಗ ನನಗೆ ಎಷ್ಟು ಸಮಾಧಾನವಾಗುತ್ತದೆ ಎಂಬುದು ನಿಮಗೆ ಗೊತ್ತಾಗಬೇಕಾದರೆ ಕಳೆದ ಸೆಪ್ಟೆಂಬರಿನಲ್ಲಿ ಏನಾಯಿತು ಎಂಬುದು ಗೊತ್ತಾಗಬೇಕು.

ನನ್ನ ಕೈಯಲ್ಲಿರುವ ಈ ಭಾಷಣವನ್ನು ಸಂಗ್ರಾಮ ಅವರು ಬರೆದುಕೊಟ್ಟಿದ್ದಾರೆ. ಅಕ್ಷರ ಮುತ್ತಿನಂತಿವೆ. ಇದರಲ್ಲಿ ಒಂದು ಸಾಲಿದೆ, ಓದುತ್ತೇನೆ. "ಕೆಲವು ತಾಂತ್ರಿಕ ಕಾರಣಗಳಿಂದ ನಮ್ಮ ಕೇಂದ್ರದ ಕಂಪ್ಯೂಟರ್ ಸ್ಥಗಿತಗೊಂಡಿದ್ದು, ನೀಲಮ ಅವರ ಪರಿಶ್ರಮದಿಂದ ಪುನಃ ಆರಂಭವಾಯಿತು." ಅದರ ಕೆಳಗೆ, "ನೀಲಮ ಅವರು ಹೆಚ್ಚಿನ ಅವಕಾಶಗಳನ್ನು ಅರಸಿ ನಮ್ಮನ್ನು ಅಗಲುತ್ತಿದ್ದಾರೆ." ಸಭಿಕರೇ, ಎರಡೂ ಸಾಲು ಚಂದ ಇವೆ. ಎರಡೂ ಸಾಲು ಖರೆ ಅಲ್ಲ.

ನಮ್ಮ ಪರೀಕ್ಷಾ ಯಂತ್ರದ ವಿಷಯ ನಿಮಗೆ ಗೊತ್ತಿದೆ. ಯಂತ್ರ ಗಟ್ಟಿ. ಆದರೆ ಅದು ಮಾತಾಡುವುದು ಆ ಕಾಲದ ಹಳೆಯ ವಿಂಡೋಸ್ ಜೊತೆಗೆ ಮಾತ್ರ. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. ಒಮ್ಮೆ ಹೊಸ ಕಂಪ್ಯೂಟರ್ ತಂದು ಜೋಡಿಸಿ ನೋಡಿದೆವು. ಮನೆಗೆ ಹೊಸ ಸೊಸೆ ಬಂದಳು, ಅತ್ತೆ ತುಟಿ ಬಿಚ್ಚಲಿಲ್ಲ. ಮತ್ತೆ ಹಳೆಯದನ್ನೇ ತಂದಿಟ್ಟೆವು. ಅದೇ ಕಂಪ್ಯೂಟರಿನಿಂದ ವರದಿಗಳನ್ನು ಇಂಟರ್‌ನೆಟ್‌ಗೆ ಏರಿಸಬೇಕು. ಆಗಲೇ ನಿಮ್ಮ ಫೋನಿಗೆ ಬರುವುದು. ಅಲ್ಲಿಯೇ ಇರುವುದು ಸಮಸ್ಯೆ.

ನೀಲಮ ಅವರು ಕೆಲಸಕ್ಕೆ ಸೇರಿದ ಮೂರನೆಯ ತಿಂಗಳಿಗೇ ಸಂಘದ ಅಧ್ಯಕ್ಷನಾದ ನನ್ನ ಬಳಿ ಬಂದು ಹೇಳಿದ್ದರು. "ಸಾಹೇಬ್ರ, ಈ ಹಳೇ ವಿಂಡೋಸ್‌ಗೆ ಕಂಪನಿಯವರು ರಿಪೇರಿ ಕಳಸೂದು ಬಿಟ್ಟಾರ್ರಿ. ನಾವು ಇಂಟರ್‌ನೆಟ್ ತಗಿಯೂ ಬ್ರೌಸರ್ರೂ ಇದರ ಕೈ ಬಿಟ್ಟೈತ್ರಿ. ಹಳೇದಕ್ಕೂ ಇನ್ನಾ ರಿಪೇರಿ ಕಳಸೂ ಬ್ಯಾರೆ ಬ್ರೌಸರ್ ಒಂದ ಐತ್ರಿ, ಅದನ್ನ ಹಾಕೋಣ್ರಿ. ನಮಗ ಬೇಕಾದ ಎರಡ ಮೂರ ಸೈಟ್ ಬಿಟ್ಟ ಉಳದದ್ದೆಲ್ಲಾ ಬಂದ್ ಮಾಡೋಣ್ರಿ. ಮನಿ ಹಳೇದಾದ್ರೂ ಬಾಗಲದ ಕೊಂಡಿ ಗಟ್ಟಿ ಇರಬೇಕ್ರಿ."

ನಾನು ಏನೆಂದೆ? "ನಡ್ಯಾಕತ್ತೈತಲ್ಲ? ನಡಿಯೂ ಎತ್ತಿಗೆ ಬಾರಕೋಲ ಯಾಕ?" ಎಂದೆ.

ಅವರು ಮತ್ತೆ ಕೇಳಿದರು. ಮತ್ತೆ ಅದನ್ನೇ ಎಂದೆ. ಅಷ್ಟರಲ್ಲಿ ಆ ಕಂಪ್ಯೂಟರಿನ ಪರದೆಯ ಮೇಲ್ಭಾಗದಲ್ಲಿ ಒಂದು ಹಳದಿ ಪಟ್ಟಿ ಕಾಣಿಸಿಕೊಳ್ಳಲು ಶುರುವಾಯಿತು. ಈ ಯಂತ್ರ ಹಳೆಯದು, ಇನ್ನು ಮುಂದೆ ಇದಕ್ಕೆ ಬ್ರೌಸರಿನ ಸುಧಾರಣೆ ಬರುವುದಿಲ್ಲ ಎಂದು ಅದರಲ್ಲಿ ಬರೆದಿರುತ್ತಿತ್ತು. ಆ ದಿನಗಳಲ್ಲೇ ನಮ್ಮ ಹೊಸ ಕಟ್ಟಡದ ಉದ್ಘಾಟನೆ ಇತ್ತು. ದೊಡ್ಡ ಅಧಿಕಾರಿಗಳು ಬರುವವರಿದ್ದರು, ಫೋಟೋ ತೆಗೆಸುವುದಿತ್ತು. ಪಾವಣ್ಯಾರ, ಅಂದರೆ ಬಂದ ಅತಿಥಿಗಳ ಮುಂದೆ ಹರಿದ ಅಂಗಿ ತೋರಿಸಿದಂತಾಗುತ್ತದಲ್ಲ ಎಂದು ನನಗೆ ಸಂಕಟ. "ಇದನ್ನ ತಗೀರಿ" ಎಂದೆ. "ತಗದ್ರ ಮತ್ತ ಬರತೈತ್ರಿ" ಎಂದರು. ಆಗ ನಾನು ಏನು ಮಾಡಿದೆ ಗೊತ್ತೇ? ನಮ್ಮ ಪಂಪ್‌ಸೆಟ್ಟಿನ ವೈರಿಗೆ ಸುತ್ತುವ ಕರಿ ಟೇಪು ತಂದು, ಆ ಪಟ್ಟಿ ಬರುವ ಜಾಗಕ್ಕೆ ಈ ತುದಿಯಿಂದ ಆ ತುದಿಯವರೆಗೆ ಅಂಟಿಸಿಬಿಟ್ಟೆ.

ನಗ್ರಿ, ನಗ್ರಿ. ಫೋಟೋ ಬಹಳ ಚಂದ ಬಂತು. ಅದು ಈಗಲೂ ಆಫೀಸಿನ ಗೋಡೆಯ ಮೇಲಿದೆ. ಟೇಪು ಮಾತ್ರ ಎಂಟು ತಿಂಗಳು ಹಾಗೆಯೇ ಉಳಿಯಿತು.

ಈಗ ಸೆಪ್ಟೆಂಬರಿಗೆ ಬರೋಣ. ಅದೊಂದು ಸೋಮವಾರ. ನೀಲಮ ಅವರು ಪರೀಕ್ಷೆಗೆ ಬೇಕಾದ ಶುದ್ಧ ನೀರಿನ ಕ್ಯಾನು ತರಲು ಮೀರಜಿಗೆ ಹೋಗಿದ್ದರು. ಆ ಹೊತ್ತಿನಲ್ಲಿ ಯಾರೋ ಒಬ್ಬರು ಆ ಕಂಪ್ಯೂಟರಿನ ಮುಂದೆ ಕುಳಿತರು. ಕುಳಿತು ಎತ್ತಿನ ಗಾಡಿ ಓಡಿಸುವ ಶರ್ಯತ್ತಿನ ವಿಡಿಯೋ ಹಾಕಿದರು. ಸಭಿಕರೇ, ನಮ್ಮ ಭಾಗದಲ್ಲಿ ಶರ್ಯತ್ತು ಎಂದರೆ ಏನು ಎಂದು ನಾನು ಹೇಳಬೇಕೇ? ನಮ್ಮ ತಂದೆಯವರ ಕಾಲದಲ್ಲಿ ನಮ್ಮ ಮನೆಯ ಎತ್ತು ಸರ್ಜಾ ಓಡಿದರೆ ಧೂಳು ಅಡಗುವುದಕ್ಕೆ ಅರ್ಧ ತಾಸು ಬೇಕಾಗುತ್ತಿತ್ತು. ಫೋನಿನ ಸಣ್ಣ ಪರದೆಯಲ್ಲಿ ಅದರ ಗಮ್ಮತ್ತು ಸಿಗುವುದಿಲ್ಲ, ದೊಡ್ಡ ಪರದೆ ಬೇಕು. ಆ ದಿನದ ವಿಡಿಯೋದಲ್ಲಿ ಎರಡನೆಯ ತಿರುವಿಗೆ ಎಡಗಡೆಯ ಬಿಳಿ ಎತ್ತು ಮುಗ್ಗರಿಸಿತು, ಗಾಡಿಯವನು ಹಗ್ಗ ಬಿಟ್ಟ, ಇನ್ನೇನು ಬಿತ್ತು ಅನ್ನುವಷ್ಟರಲ್ಲಿ...

ಮುಂದಿನ ಸಾಲಿನಲ್ಲಿ ಸಿದರಾಯ ಅವರು ಬಾಯಿಗೆ ಟವೆಲು ಹಿಡಿದು ನಗುತ್ತಿದ್ದಾರೆ. ನೋಡಿದವರಿಗೆ ಮಾತ್ರ ಗೊತ್ತಿರುವ ವಿವರ ಇದು ಎಂದು ಅವರಿಗೆ ತಿಳಿದುಹೋಗಿದೆ. ಹೌದ್ರಿ ಸಿದರಾಯ, ನಾನೇ. ಸಂಗ್ರಾಮ ಅವರು ಬರೆದ ಆ ತಾಂತ್ರಿಕ ಕಾರಣ ನಿಮ್ಮ ಮುಂದೆ ಮೈಕು ಹಿಡಿದು ನಿಂತಿದೆ.

ಎತ್ತು ಮುಗ್ಗರಿಸಿದ ಹೊತ್ತಿಗೆ ಸರಿಯಾಗಿ ಪರದೆಯ ನಟ್ಟನಡುವೆ ಒಂದು ಚೌಕ ಬಂದು ನಿಂತಿತು. ನಿಮ್ಮ ಬ್ರೌಸರ್ ಹಳೆಯದಾಗಿದೆ, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈಗಲೇ ಇಲ್ಲಿ ಒತ್ತಿ ಹೊಸದು ಮಾಡಿಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಕೆಳಗೆ ಒಂದು ಹಸಿರು ಗುಂಡಿ. ನಾನು ಅಂದುಕೊಂಡೆ, ಆ ಹುಡುಗಿ ವರ್ಷದಿಂದ ಇದನ್ನೇ ಅಲ್ಲವೇ ಹೇಳುತ್ತಿರುವುದು? ಮೀರಜಿನಿಂದ ಬರುವುದರೊಳಗೆ ನಾನೇ ಮಾಡಿಟ್ಟು ಬೆರಗಾಗಿಸೋಣ. ಒತ್ತಿದೆ. ಎಂಟು ತಿಂಗಳಿಂದ ಖರೇ ಹೇಳುತ್ತಿದ್ದ ಪಟ್ಟಿಗೆ ಟೇಪು ಹಚ್ಚಿದವನು, ಸುಳ್ಳು ಹೇಳಿದ ಚೌಕದ ಮಾತು ಒಂದೇ ಗಳಿಗೆಯಲ್ಲಿ ಕೇಳಿದೆ.

ಮರುದಿನ ಬೆಳಿಗ್ಗೆ ಯಾವ ವರದಿಯೂ ತೆರೆಯಲಿಲ್ಲ. ಎಲ್ಲದಕ್ಕೂ ಕೀಲಿ ಬಿದ್ದಿತ್ತು. ದುಡ್ಡು ಕಳಿಸಿದರೆ ಕೀಲಿ ತೆಗೆಯುತ್ತೇವೆ ಎಂದು ಯಾರೋ ಮುಖ ಕಾಣದವರು ಬರೆದಿದ್ದರು. ಚಾಟ್ನಿಗೆ ಮೂರು ವಾರ ಉಳಿದಿತ್ತು. ಹೊರಗೆ ನೀವೆಲ್ಲ ವರದಿ ಎಲ್ಲಿ, ವರದಿ ಎಲ್ಲಿ ಎಂದು ಕೇಳುತ್ತಿದ್ದಿರಿ. ಈ ಬಾಬಾಸಾಹೇಬ ಒಳಗೆ ಬಾಗಿಲಿಗೆ ಚಿಲಕ ಹಾಕಿ ಕುಳಿತದ್ದನ್ನು ನೀವು ನೋಡಿಲ್ಲ, ನೀಲಮ ನೋಡಿದ್ದಾರೆ.

ಅವರು ನೆಟ್ಟಿನ ವೈರು ಕಿತ್ತರು, ಟೇಪು ಕಿತ್ತರು, ಕಪಾಟಿನಿಂದ ಒಂದು ಸಣ್ಣ ಡಬ್ಬಿ ತೆಗೆದರು. ಪ್ರತಿ ಶನಿವಾರ ಕೆಲಸ ಮುಗಿದ ಮೇಲೆ ಎಲ್ಲ ವರದಿಗಳ ಒಂದು ಪ್ರತಿಯನ್ನು ಅದರಲ್ಲಿ ತುಂಬಿ, ಕಂಪ್ಯೂಟರಿನಿಂದ ಬಿಡಿಸಿ, ಬೀಗ ಹಾಕಿ ಇಡುತ್ತಿದ್ದರಂತೆ. ಅವರು ಹಾಗೆ ಮಾಡುವುದನ್ನು ನೋಡಿ ನಾನು, "ಶನಿವಾರ ಹನಮಪ್ಪಗ ಎಣ್ಣಿ ಹಾಕಿದಂಗ ಮಾಡತಿ ನೋಡವಾ" ಎಂದು ಚೇಷ್ಟೆ ಮಾಡಿದ್ದೆ. ಆ ಡಬ್ಬಿಯೇ ನಮ್ಮೆಲ್ಲರನ್ನೂ ಕಾಯಿತು. ಕಂಪ್ಯೂಟರನ್ನು ಪೂರ್ತಿ ಅಳಿಸಿ ತೊಳೆದರು. ಯಂತ್ರಕ್ಕೆ ಬೇಕಾದ ಹಳೆಯ ವಿಂಡೋಸನ್ನೇ ಮತ್ತೆ ಹಾಕಿದರು. ಅದರ ಮೇಲೆ, ತಾವು ಮೊದಲಿನಿಂದ ಬೇಡುತ್ತಿದ್ದ ಆ ಬ್ರೌಸರ್ ಹಾಕಿ, ಮೂರು ಸೈಟು ಬಿಟ್ಟು ಉಳಿದ ಎಲ್ಲ ದಾರಿ ಮುಚ್ಚಿದರು. ಎಂಟು ದಿನ ಹಿಡಿಯಿತು. ಒಂಬತ್ತನೆಯ ದಿನ ನಿಮ್ಮ ಫೋನುಗಳು ಟಣ್ ಟಣ್ ಎಂದವು. ಆ ಶಬ್ದ ಕೇಳಿ ನಾನು ಗೋಡೆಗೆ ಆತು ನಿಂತುಬಿಟ್ಟೆ.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಚಂದ. ಸಂಗ್ರಾಮ ಅವರೇ, ಸಮಯವಾಯಿತು ಎಂಬ ಚೀಟಿ ಮುಟ್ಟಿದೆ. ಇನ್ನೆರಡು ನಿಮಿಷ ಸಹಿಸ್ರಿ, ಐದು ತಿಂಗಳು ಸಹಿಸಿದ್ದೀರಿ.

ಅಕ್ಟೋಬರಿನಲ್ಲಿ ಆಡಳಿತ ಮಂಡಳಿಯ ಸಭೆ ಕೂಡಿತು. "ಕಂಪ್ಯೂಟರ್ ಯಾರ ಕೈಯಾಗ ಇರತೈತಿ?" ಎಂದು ಪ್ರಶ್ನೆ ಬಂತು. ನಾನು ಅಧ್ಯಕ್ಷನ ಖುರ್ಚಿಯಲ್ಲಿದ್ದೆ. "ಅಕಿ ಕೈಯಾಗ" ಎಂದೆ. ಎರಡೇ ಶಬ್ದ. ಅದು ಸುಳ್ಳಲ್ಲ, ಖರೇನೂ ಅಲ್ಲ. ನೀಲಮ ಅವರ ನಿರ್ಲಕ್ಷ್ಯದಿಂದ ಹಾನಿಯಾಗಿದೆ, ಫೆಬ್ರುವರಿ ಕೊನೆಗೆ ಅವರ ಕರಾರು ಮುಗಿಸಬೇಕು ಎಂದು ಠರಾವಾಯಿತು. "ಪಾಪ, ಜಾಊ ದ್ಯಾ, ಒಂದ ಸಲ ಬಿಟ್ಟಬಿಡೋಣು" ಎಂದವರು ಸಂಗ್ರಾಮ. ನಾನಲ್ಲ. ಕೆಲಸ ಬಿಡಿಸುವ ಪತ್ರದ ಕೆಳಗೆ ಸಹಿ ಮಾತ್ರ ನನ್ನದು.

ನೀಲಮ ಅವರ ತಂದೆ ಜ್ಞಾನದೇವ ನಮ್ಮ ದ್ರಾಕ್ಷಿ ಪಡದಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ದುಡಿದವರು. ನೋಡ್ರಿ, ನಾಲಿಗೆ ಇನ್ನೂ ಹಳೆಯ ದಾರಿಗೇ ಹೋಗುತ್ತದೆ. ಕೇಂದ್ರದ ಆ ಖುರ್ಚಿಯಲ್ಲಿ ನೀಲಮ ಅವರ ಬದಲು ನನ್ನ ತಮ್ಮನ ಮಗ ಶಿವರಾಜ ಇದ್ದಿದ್ದರೆ ನಾನು ಆ ಪತ್ರಕ್ಕೆ ಸಹಿ ಮಾಡುತ್ತಿದ್ದೆನೇ? ನನ್ನನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಉತ್ತರ ನಿಮಗೂ ಗೊತ್ತು. ಬೇರೆಯವರು ಹೀಗೆ ಮಾಡಿದ್ದರೆ ಇದೇ ವೇದಿಕೆಯಿಂದ ನಾನು ಅರ್ಧ ತಾಸು ನ್ಯಾಯ ಹೇಳುತ್ತಿದ್ದೆ. ನನಗೆ ನಾಚಿಕೆಯಾಗುತ್ತದೆ.

ನವೆಂಬರಿನಲ್ಲಿ ನಮ್ಮ ಪಡದ ಎಲೆತೊಟ್ಟಿನ ಪರೀಕ್ಷೆಯ ವರದಿ ಕೊಡಲು ನೀಲಮ ಮನೆಗೇ ಬಂದರು. ಕೆಲಸ ಬಿಡಿಸುವ ಪತ್ರ ಅವರ ಚೀಲದಲ್ಲೇ ಇತ್ತು. ಅದನ್ನು ಇಟ್ಟುಕೊಂಡೇ ನಮ್ಮ ಚನ್ನವ್ವನ ಪಕ್ಕ ಕುಳಿತು, ಪೊಟ್ಯಾಷ್ ಹೆಚ್ಚಾಗಿದೆ, ಕಡಿಮೆ ಮಾಡ್ರಿ ಅವ್ವಾರ, ಕಾಯಿ ಕೆಡತಾವು ಎಂದು ನಿಧಾನವಾಗಿ ತಿಳಿಸಿಕೊಟ್ಟರು. ನಾನು ಎಲ್ಲಿದ್ದೆ? ದೇವರ ಕೋಣೆಯಲ್ಲಿ ಅಡಗಿ ಕುಳಿತಿದ್ದೆ. ಸಂಘದ ಅಧ್ಯಕ್ಷ, ಅರವತ್ತೇಳು ವರ್ಷದ ಗಂಡಸು.

ಚನ್ನವ್ವ ಬಿಡುವವಳೇ? ಕೇಳಿದಳು, ಹೇಳಿಬಿಟ್ಟೆ. "ಒತ್ತಿದವರು ನೀವು, ಬೈಸ್ಕೊಳ್ಳಾಕ ಆ ಹುಡಗಿ? ಅಕಿ ನಮ್ಮ ಬೆಳಿ ಉಳಸಾಕ ಮನಿ ತನಕ ಬಂದಾಳ, ನೀವು ಅಕಿ ಅನ್ನ ಕಸಕೊಂಡ ದೇವರ ಹಿಂದ ಅಡಗೀರಿ" ಎಂದಳು. ಆಮೇಲೆ ನಾಳೆ ಹೇಳುತ್ತೇನೆ, ಮುಂದಿನ ಸಭೆಯಲ್ಲಿ ಹೇಳುತ್ತೇನೆ ಎಂದು ದಿನ ದೂಡಿದೆ. ಈ ಬೀಳ್ಕೊಡುಗೆಯ ಶಾಲು ಮನೆಗೆ ಬಂದಾಗ ಆಕೆ ಅದನ್ನು ಮುಟ್ಟಲೂ ಇಲ್ಲ.

ಆದ್ದರಿಂದ ರಾಜಾರಾಮ ಗುರುಗಳೇ, ಈ ಲಕೋಟೆ ತಮ್ಮ ಕೈಗೆ. ಇದರಲ್ಲಿ ನಡೆದದ್ದನ್ನೆಲ್ಲ ನನ್ನ ಕೈಯಾರೆ ಬರೆದಿದ್ದೇನೆ. ಅಧ್ಯಕ್ಷನಾಗಿ ಕೊಟ್ಟ ಪತ್ರವನ್ನು ಅಧ್ಯಕ್ಷನಾಗಿಯೇ ಹಿಂದೆ ಪಡೆದಿದ್ದೇನೆ. ಠರಾವಿನ ಪುಸ್ತಕದಲ್ಲಿ ನೀಲಮ ಎಂದಿರುವಲ್ಲಿ ನನ್ನ ಹೆಸರು ಬರಬೇಕು. ಬಂದ ಮೇಲೆ ನಾನು ಅಧ್ಯಕ್ಷನಾಗಿ ಇರಬೇಕೋ ಬೇಡವೋ ಎಂಬುದು ನಿಮ್ಮೆಲ್ಲರಿಗೆ ಸೇರಿದ್ದು. ಹಾಗೆಯೇ ಇಲ್ಲಿ ಇರಬೇಕೋ ಬೇಡವೋ ಎಂಬುದು ನೀಲಮ ಅವರಿಗೆ ಸೇರಿದ್ದು. ಇರ್ರಿ ಎಂದು ಕೇಳಿಕೊಳ್ಳಬಲ್ಲೆ, ಅಷ್ಟೇ. ಹಿಂದಿನ ಸಾಲಿನಲ್ಲಿ ಕುಳಿತಿರುವ ಜ್ಞಾನದೇವ ಅವರೇ, ನೀಲಮ ಅವರ ತಾಯಿ ಶೇವಂತಾ ಅವರೇ, ನೀವು ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಕೂಡಬ್ಯಾಡ್ರಿ. ತಗ್ಗಿಸಬೇಕಾದ ತಲೆ ಇಲ್ಲಿದೆ.

ಎದೆಯ ಮೇಲಿನ ಕಲ್ಲು ಇಳಿದಂತಾಗಿದೆ, ಸಭಿಕರೇ. ಬೈಯುವವರು ಬೈಯ್ರಿ, ಇವತ್ತು ನನಗೆ ಅದೂ ಹಗುರವೇ.

ಕೊನೆಯದಾಗಿ ಒಂದು ಮಾತು. ನಿನ್ನೆ ನೀಲಮ ಕೇಂದ್ರದ ಚಾರ್ಜು ಒಪ್ಪಿಸುವಾಗ, ಮುಂದೆ ಬರುವವರಿಗಾಗಿ ಒಂದು ವಹಿ ಬರೆದುಕೊಟ್ಟರು. ಬ್ರೌಸರಿಗೆ ಹೊಸ ರಿಪೇರಿ ಬಂದಿದೆಯೇ ಎಂದು ಯಾವ ವಾರ ನೋಡಬೇಕು, ಪ್ರತಿ ಹೇಗೆ ತೆಗೆಯಬೇಕು, ಯಾವ ಚೌಕ ಬಂದರೆ ಮುಟ್ಟಬಾರದು, ಎಲ್ಲ ಬಿಡಿಸಿ ಬರೆದಿದ್ದಾರೆ. ತೆಗೆದುಹಾಕಿದವರಿಗೆ ಇಷ್ಟು ಮಾಡಿಕೊಡುತ್ತಾರೆಯೇ ಯಾರಾದರೂ? ನನಗೆ ತಡೆಯಲಾಗಲಿಲ್ಲ. "ಆ ಸೋಮವಾರ ಒತ್ತಿದವರು ಯಾರಂತ ನಿನಗ ಗೊತ್ತೈತೇನವಾ?" ಎಂದು ಕೇಳಿದೆ.

"ಗೊತ್ತೈತ್ರಿ. ಏನ ನೋಡಾಕತ್ತಿದ್ರಿ, ಎಷ್ಟ ಗಂಟೆಕ್ಕ ಒತ್ತಿದ್ರಿ, ಅಳಸೂ ಮೊದಲ ನೋಡಿದ್ನಿರಿ, ಎಲ್ಲಾ ಕಂಪ್ಯೂಟರಿನ್ಯಾಗ ಇತ್ರಿ."

"ಮತ್ತ ಸಭಾದಾಗ ಯಾಕ ಹೇಳಲಿಲ್ಲ?"

ವಹಿ ನನ್ನ ಕೈಗಿಟ್ಟು ಅವರು ಹೇಳಿದರು, "ನೀವ ಹೇಳತೀರಿ ಅಂತ ಕಾದ್ನಿರಿ ಸಾಹೇಬ್ರ."

ಹೇಳಿದೆ, ನೀಲಮ. ತಡವಾಯಿತು, ಆದರೆ ಹೇಳಿದೆ.

ಇಷ್ಟು ಹೊತ್ತು ಎದ್ದು ಹೋಗದೆ ಕೇಳಿದ ನಿಮಗೆಲ್ಲ ನಾನು ಋಣಿ. ಅಧ್ಯಕ್ಷರಿಗೂ, ವೇದಿಕೆಗೂ, ಎಲ್ಲಕ್ಕಿಂತ ಮೊದಲು ಜ್ಞಾನದೇವ ಮತ್ತು ಶೇವಂತಾ ಅವರ ಈ ಮಗಳಿಗೂ ಎರಡೂ ಕೈ ಜೋಡಿಸಿ ನಮಸ್ಕಾರ.