ಜಾಕ್ಸನ್ ಲೀಗಿಗೆ ಹೋಗುವ ಬಗ್ಗೆ ಎರಡು ಮಾತು

ಈ ಸಂಜೆಯ ಅಧ್ಯಕ್ಷರೂ ನಮ್ಮ ಕಬಡ್ಡಿ ಅಭಿಮಾನಿ ಬಳಗದ ಜೀವಾಳವೂ ಆದ ಕುಮಾರ್ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಜಾಕ್ಸನ್‌ನ ತಂದೆ ಕ್ಯಾಸ್ಮಿರ್ ಅವರೇ, ತಾಯಿ ಲೂಯಿಜಮ್ಮನವರೇ, ಹಾನುಬಾಳಿನಿಂದ ಜೀಪು ತುಂಬಿಕೊಂಡು ಬಂದು ಕುರ್ಚಿ ಸಿಗದೆ ಹಿಂದೆ ನಿಂತಿರುವ ಗೆಳೆಯರೇ, ಕಾಲೇಜಿನ ಮಕ್ಕಳೇ, ಸಭಿಕರೇ, ಮತ್ತು ನಾವೆಲ್ಲ ಯಾರ ಸನ್ಮಾನಕ್ಕಾಗಿ ಇಲ್ಲಿ ಸೇರಿದ್ದೇವೆಯೋ ಆ ನಮ್ಮ ಜಾಕ್ಸನ್.

ನನ್ನನ್ನು ಪರಿಚಯಿಸಿದವರು ಸಕಲೇಶಪುರದ ದ್ರೋಣಾಚಾರ್ಯ ಎಂದರು. ದ್ರೋಣಾಚಾರ್ಯರು ಶಿಷ್ಯನ ಹೆಬ್ಬೆರಳು ಕೇಳಿದವರು ಎನ್ನುವುದು ಪಾಪ ಅವರಿಗೆ ಆ ಹೊತ್ತಿಗೆ ನೆನಪಾಗಲಿಲ್ಲ. ನಾನು ಬರೀ ರುದ್ರಯ್ಯ. ಕಾಲೇಜಿನಲ್ಲಿ ಮಕ್ಕಳಿಗೆ ಆಟ ಆಡಿಸಿ ನಿವೃತ್ತನಾದವನು. ಜಾಕ್ಸನ್‌ಗೆ ಮೂರು ವರ್ಷ ಕಬಡ್ಡಿ ಕಲಿಸಿದವನು. 'ಸಾರ್, ನೀವು ಎರಡೇ ಮಾತಾಡಿ, ಹೊಗಳಿ, ಇಳಿದುಬಿಡಿ' ಎಂದು ಕುಮಾರ್ ಹೇಳಿದ್ದಾರೆ. ಎರಡು ಮಾತು ಆಡುತ್ತೇನೆ. ಹೊಗಳಿಕೆ ಅದರಲ್ಲಿ ಎಷ್ಟಿರುತ್ತದೋ ನೋಡೋಣ.

ಬೇಸಿಗೆ ಶುರುವಾದಾಗಿನಿಂದ ಈ ತಾಲ್ಲೂಕಿನಲ್ಲಿ ಒಂದೇ ಚರ್ಚೆ. ನಮ್ಮ ಹುಡುಗನನ್ನು ದೊಡ್ಡ ಲೀಗಿನವರು ತೆಗೆದುಕೊಳ್ಳುತ್ತಾರೋ ಇಲ್ಲವೋ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇದೇ, ಕ್ಷೌರದಂಗಡಿಯಲ್ಲಿ ಇದೇ, ಸಾವಿಗೆ ಹೋದರೆ ಅಲ್ಲೂ ಹೆಣದ ಪಕ್ಕದಲ್ಲಿ ನಿಂತು ಇದೇ. ಕುಮಾರ್ ಅವರ ವಾದ ಎಲ್ಲರಿಗೂ ಗೊತ್ತು. 'ಅವ್ನಂಗೆ ಡ್ಯಾಶ್ ಹೊಡೆಯೋನು ಈ ರಾಜ್ಯದಾಗೆ ಎಲ್ಲವ್ನೆ ತೋರ್ಸಿ ಕಣ್ರೀ. ತಗೊಳ್ದೆ ಹೋದ್ರೆ ಅವ್ರಿಗೆ ಕಣ್ಣಿಲ್ಲ ಅಂತ ಲೆಕ್ಕ.' ಇನ್ನು ಕೆಲವರು, 'ಎತ್ತರ ಸಾಲ್ದು ಮಾರಾಯ, ಕಾಲು ಹಿಡಿಯಕ್ಕೆ ಬರಲ್ಲ, ಮ್ಯಾಟ್ ಮೇಲೆ ಬೂಟ್ ಹಾಕ್ಕೊಂಡು ಆಡಿ ಅಭ್ಯಾಸ ಇಲ್ಲ' ಎನ್ನುತ್ತಾರೆ. ಎರಡು ಕಡೆಯವರೂ ನನ್ನನ್ನು ನಿಲ್ಲಿಸಿ ಕೇಳಿದ್ದಾರೆ. ನಾನು ನಕ್ಕು ಮುಂದೆ ಹೋಗಿದ್ದೇನೆ. ಇವತ್ತು ಮುಂದೆ ಹೋಗುವುದಿಲ್ಲ.

ಮೊದಲು ಆಟದ ವಿಷಯ. ಇಲ್ಲಿರುವ ಹಿರಿಯರಿಗೆ, ತಾಯಂದಿರಿಗೆ ತಿಳಿಯಲಿ ಎಂದು ಹೇಳುತ್ತೇನೆ. ರೇಡಿಗೆ ಬಂದವನನ್ನು ಹಿಡಿದು ಕೆಡವುವುದು ಒಂದು ವಿದ್ಯೆ. ಹಿಡಿಯದೆ, ಓಡಿಬಂದು ಗುದ್ದಿ ಗೆರೆಯಾಚೆ ಕಳಿಸುವುದು ಇನ್ನೊಂದು ವಿದ್ಯೆ. ಅದಕ್ಕೆ ಡ್ಯಾಶ್ ಎನ್ನುತ್ತಾರೆ. ಅದನ್ನು ಭುಜದಿಂದ ಹೊಡೆಯಬೇಕು. ಎಲ್ಲ ಕಡೆ ಭುಜದಿಂದಲೇ ಹೊಡೆಯುತ್ತಾರೆ. ನಮ್ಮ ಸೀಮೆಯಲ್ಲಿ ಮಾತ್ರ ತಲೆಯಿಂದ ಹೊಡೆಯುತ್ತೇವೆ. ಯಾಕೆ?

ಯಾಕೆಂದರೆ ನಮ್ಮದು ಗುಡ್ಡದ ಸೀಮೆ. ಸಮತಟ್ಟಾದ ಜಾಗ ಎಂದರೆ ಎಸ್ಟೇಟಿನ ಕಾಫಿ ಕಣ ಒಂದೇ. ಕೊಯ್ಲು ಮುಗಿದು, ಕಾಫಿ ಒಣಗಿ, ಸ್ಟೋರಿಗೆ ಸೇರಿದ ಮೇಲೆ ಆ ಸಿಮೆಂಟಿನ ಕಣದ ಮೇಲೆ ಸುಣ್ಣದ ಗೆರೆ ಎಳೆದು ಟೂರ್ನಮೆಂಟು. ಸಿಮೆಂಟಿನ ಮೇಲೆ ಭುಜ ಕೊಟ್ಟು ಉರುಳಿದರೆ ಮೊಣಕೈ, ಸೊಂಟ, ಮಂಡಿಯ ಚರ್ಮ ಅಲ್ಲೇ ಉಳಿಯುತ್ತದೆ. ಆದ್ದರಿಂದ ನಮ್ಮ ಹುಡುಗರು ಬೀಳುವುದಿಲ್ಲ. ಗೂಳಿಯ ಹಾಗೆ ಬಗ್ಗಿ, ಎದುರಿನವನ ಎದೆಗೆ ತಲೆ ಕೊಟ್ಟು, ನಿಂತಲ್ಲೇ ನಿಲ್ಲುತ್ತಾರೆ. ಇದನ್ನು ಯಾರೂ ಕಲಿಸಲಿಲ್ಲ, ಕಣ ಕಲಿಸಿತು. ಕ್ಯಾಸ್ಮಿರ್ ಅವರು ಎಸ್ಟೇಟಿನ ಲೆಕ್ಕ ಬರೆಯುವ ರೈಟರು. ಅವರ ಮನೆಯ ಬಾಗಿಲು ತೆಗೆದರೆ ಕಣ. ಜಾಕ್ಸನ್ ನಡೆಯಲು ಕಲಿತದ್ದೂ ಅಲ್ಲೇ, ತಲೆ ಕೊಡಲು ಕಲಿತದ್ದೂ ಅಲ್ಲೇ.

ಕಾಲೇಜಿನಲ್ಲಿ ನಾನು ಮ್ಯಾಟ್ ಹಾಸಿಸಿದೆ. 'ಭುಜ ಕೊಡೋ, ಭುಜ' ಎಂದು ಗಂಟಲು ಹರಿದುಕೊಂಡೆ. ನೀವು ಗೆರೆಯಾಚೆ ನಿಂತು ಏನೆಂದು ಕೂಗಿದಿರಿ? 'ತಲೆ ಕೊಡೋ ಜಾಕ್ಸಾ, ತಲೆ ಕೊಡೋ.' ಯಾರ ಮಾತು ಕೇಳುತ್ತಾನೆ ಹತ್ತೊಂಬತ್ತರ ಹುಡುಗ? ನನ್ನೊಬ್ಬನದೋ, ಊರಿನದೋ? ಪಂದ್ಯ ಬಿಗಿಯಾದಾಗ ಒಂದೆರಡು ಸಲ ನನ್ನ ಬಾಯಿಂದಲೂ ಆ ಮಾತು ಬಂದಿರಬಹುದು. ಅದು ಬೇರೆ ವಿಷಯ.

ನಾನೂ ಆಡಿದವನೇ. ಈಗಿನ ಮಕ್ಕಳು ಈ ಹೊಟ್ಟೆ ನೋಡಿ ನಂಬುವುದಿಲ್ಲ. ರಾಜ್ಯ ತಂಡದ ಶಿಬಿರಕ್ಕೆ ನನ್ನ ಹೆಸರು ಬಂದಿತ್ತು. ನಮ್ಮಪ್ಪ ಸುಬ್ಬಯ್ಯನವರು, 'ಚಡ್ಡಿ ಹಾಕ್ಕೊಂಡು ಗುದ್ದಾಡೋದೂ ಒಂದು ಕಸುಬೇನ್ಲಾ? ಶುಂಠಿ ಕೀಳೋರು ಯಾರು, ನಿಮ್ಮಜ್ಜಾನಾ?' ಎಂದರು. ನಾನು ಶುಂಠಿ ಕಿತ್ತೆ. ನನ್ನ ಜಾಗದಲ್ಲಿ ಆಲೂರಿನ ಧರ್ಮ ಹೋದ. ನನಗೆ ಅವನ ಮೇಲೆ ಹೊಟ್ಟೆಕಿಚ್ಚೇನೂ ಇರಲಿಲ್ಲ. ಸುಮಾರು ವರ್ಷ ಮಾತು ಬಿಟ್ಟಿದ್ದೆ, ಅಷ್ಟೇ. ಈಗಲೂ ಟಿವಿಯಲ್ಲಿ ಲೀಗ್ ಬಂದರೆ ನಾನು ಸೋಫಾದ ಮೇಲೆ ಕೂರುವುದಿಲ್ಲ, ನಿಂತುಕೊಂಡೇ ನೋಡುತ್ತೇನೆ. ನನ್ನ ಮನೆಯವಳು ಪಾರ್ವತಮ್ಮ ಅಲ್ಲಿ ಕೂತಿದ್ದಾಳೆ. ಅವಳು ಒಮ್ಮೆ ಕೇಳಿದಳು, 'ಆ ಹುಡುಗನ್ನ ತಯಾರು ಮಾಡ್ತಿರೋದು ಅವ್ನಿಗೋಸ್ಕರಾನೋ, ಇಲ್ಲ ನೀವು ಹೋಗ್ದೆ ಇದ್ದಿದ್ದಕ್ಕೋ?' ನಾನು ಊಟದ ತಟ್ಟೆ ಬಿಟ್ಟು ಎದ್ದೆ. ಇರಲಿ. ಏನು ಹೇಳುತ್ತಿದ್ದೆ? ಧರ್ಮ.

ಧರ್ಮ ದೊಡ್ಡ ಆಟಗಾರನಾದ. ಆಲೂರು ಸೀಮೆಯಲ್ಲಿ ಅವನಷ್ಟು ಗಟ್ಟಿಯಾಗಿ ತಲೆ ಕೊಟ್ಟವನು ಇನ್ನೊಬ್ಬನಿಲ್ಲ. ಹೋದ ವರ್ಷ ಅವನ ತಂಗಿ ಗಂಗಾಮಣಿ ದಾರಿಯಲ್ಲಿ ಸಿಕ್ಕಿ, 'ಒಂದ್ಸಲ ಬಂದು ನೋಡ್ಕಂಡು ಹೋಗಣ್ಣ, ನಿನ್ನ ಹೆಸ್ರು ಮಾತ್ರ ನೆಪ್ಪೈತೆ ಅವ್ನಿಗೆ' ಎಂದಳು. ಹೋದೆ. ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ನನ್ನ ವಯಸ್ಸಿನವನು. ಬಾಯಿ ಒರೆಸಲು ಹೆಗಲ ಮೇಲೆ ಒಂದು ಟವೆಲ್. ನನ್ನನ್ನು ನೋಡಿ ಮುಖ ಅರಳಿಸಿ, 'ರುದ್ರ, ಮ್ಯಾಚ್ ಎಷ್ಟೊತ್ತಿಗೆ?' ಎಂದ. ಸಂಜೆಗೆ ಎಂದೆ. ನಾನು ಕಾಫಿ ಕುಡಿದು ಮುಗಿಸುವುದರೊಳಗೆ ಮತ್ತೆ ಮತ್ತೆ ಅದನ್ನೇ ಕೇಳಿದ. ಪ್ರತಿ ಸಲವೂ ಮೊದಲ ಸಲ ಕೇಳಿದ ಹಾಗೆಯೇ ಕೇಳಿದ. ದನಿಯಲ್ಲಿ ಅದೇ ಖುಷಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸ್ವಲ್ಪ ತಡೆದುಕೊಳ್ಳಿ ಕುಮಾರ್. ನಿಮ್ಮ ವಿಷಯವೂ ಬಂತು.

ಹಾನುಬಾಳಿನ ಫೈನಲ್. ಇಲ್ಲಿರುವ ಮುಕ್ಕಾಲು ಪಾಲು ಜನ ಅಲ್ಲಿದ್ದಿರಿ. ಲೀಗಿನ ಒಂದು ತಂಡದವರು ಕಳಿಸಿದ್ದ ಮನುಷ್ಯನೂ ಆಟಗಾರರನ್ನು ನೋಡಲು ಬಂದು ಕುಳಿತಿದ್ದ. ಕೊನೆಯ ಹತ್ತು ನಿಮಿಷ ಇರುವಾಗ ಜಾಕ್ಸನ್ ಒಂದು ಡ್ಯಾಶ್ ಹೊಡೆದ. ಆ ಸದ್ದು ಕಣದ ಆಚೆಯ ಕೂಲಿಯವರ ಲೈನ್ ಮನೆಗಳವರೆಗೆ ಕೇಳಿಸಿತಂತೆ. ರೇಡಿಗೆ ಬಂದವನು ಗೆರೆಯಾಚೆ ಹೋಗಿ ಬಿದ್ದ. ನೀವು ಶಿಳ್ಳೆ ಹೊಡೆದಿರಿ. ಜಾಕ್ಸನ್ ನಿಧಾನವಾಗಿ ನಡೆದುಹೋಗಿ ಎದುರು ತಂಡದವರ ಸಾಲಿನಲ್ಲಿ ನಿಂತುಕೊಂಡ. ನೆನಪಿದೆಯೇ? ಅವರನ್ನು ಅಣಕಿಸಲು ಹಾಗೆ ಮಾಡಿದ ಎಂದುಕೊಂಡು ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ. ಅವನು ಅಣಕಿಸಲಿಲ್ಲ. ಅವನಿಗೆ ತನ್ನ ಕಡೆ ಯಾವುದೆಂದು ಗೊತ್ತಾಗಲಿಲ್ಲ.

ನಾನು ಹೊರಗೆ ಕರೆಸಿದೆ. ಆಮೇಲೆ ಏನು ಮಾಡಿದೆವು? ಕಾಫಿ ಸೀಮೆಯವರು ಏನು ಮಾಡುತ್ತಾರೋ ಅದನ್ನೇ. ತಲೆನೋವಿಗೆ ಕಾಫಿ, ಜ್ವರಕ್ಕೆ ಕಾಫಿ, ಕಣ್ಣು ಕತ್ತಲೆ ಬಂದರೂ ಕಾಫಿ. ಕುಮಾರ್ ಅವರು ಫ್ಲಾಸ್ಕಿನಿಂದ ಹಾಲಿಲ್ಲದ ಗಟ್ಟಿ ಡಿಕಾಕ್ಷನ್ ಬಗ್ಗಿಸಿ ಕುಡಿಸಿ, ತಲೆಗೆ ಒಂದು ಚೊಂಬು ನೀರು ಹೊಯ್ದು, 'ಏನೂ ಆಗಿಲ್ಲ ಕಣ್ ಹೋಗ್ಲಾ, ಅವ್ರು ನೋಡ್ತಾವ್ರೆ' ಎಂದು ಒಳಗೆ ತಳ್ಳಿದರು. ಪ್ರೀತಿಯಿಂದಲೇ ತಳ್ಳಿದರು. ಅವನು ಇನ್ನೂ ಎರಡು ಸಲ ತಲೆ ಕೊಟ್ಟ. ಕಪ್ಪು ನಮ್ಮದಾಯಿತು.

ವಾಪಸು ಬರುವಾಗ ಜೀಪಿನಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದ. ಕಪ್ಪು ಅವನ ತೊಡೆಯ ಮೇಲೇ ಇತ್ತು. ಅದನ್ನು ಎರಡೂ ಕೈಯಿಂದ ಹಿಡಿದುಕೊಂಡು, 'ಸರ್, ಮ್ಯಾಚ್ ಎಷ್ಟೊತ್ತಿಗೆ?' ಎಂದು ಕೇಳಿದ.

ಮಾರನೆಯ ವಾರ ಯಾರಿಗೂ ಹೇಳದೆ ಹಾಸನಕ್ಕೆ ಕರೆದುಕೊಂಡು ಹೋಗಿ ತಲೆಯ ಡಾಕ್ಟರಿಗೆ ತೋರಿಸಿದೆ. ಅವರು ಮುಚ್ಚುಮರೆ ಮಾಡಲಿಲ್ಲ. ಹಳೆಯ ಪೆಟ್ಟುಗಳು ಒಂದರ ಮೇಲೊಂದು ಕೂತಿವೆ, ಇನ್ನೊಂದು ಜೋರಾಗಿ ಬಿದ್ದರೆ ಈ ಹುಡುಗ ಏಳದೇ ಇರಬಹುದು, ಎದ್ದರೂ ಇವನಾಗಿ ಏಳುತ್ತಾನೆಂದು ಹೇಳಲಾರೆ ಎಂದರು. ಹೊರಗೆ ಬಂದ ಮೇಲೆ ಜಾಕ್ಸನ್ ನನ್ನ ಕೈ ಹಿಡಿದುಕೊಂಡ. 'ಸರ್, ಒಂದೇ ಸೀಸನ್. ಒಂದೇ ಒಂದು ಆಡ್ಬಿಟ್ಟು ನಿಲ್ಲಿಸ್ತೀನಿ. ಮಮ್ಮಿಗೆ ಹೇಳ್ಬೇಡಿ.' ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಲೂಯಿಜಮ್ಮ, ನನ್ನನ್ನು ಹಾಗೆ ನೋಡಬೇಡಿ ತಾಯಿ. ಈಗ ಒಳಗೆ ಬರುವಾಗ ಬಾಗಿಲಲ್ಲಿ ನಿಂತು, 'ನೀವಿದ್ದೀರಲ್ಲ ಸರ್, ನಂಗೇನು ಭಯ' ಎಂದಿರಿ. ಆ ಮಾತಾದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಈಗ ಸನ್ಮಾನದಲ್ಲಿ ಜಾಕ್ಸನ್ ತಲೆಗೆ ಪೇಟ ಇಟ್ಟ ಕೂಡಲೇ ಅವನು ತೆಗೆದು ಪಕ್ಕಕ್ಕಿಟ್ಟ. ಎಂಥ ವಿನಯ ಎಂದು ನೀವು ಚಪ್ಪಾಳೆ ತಟ್ಟಿದಿರಿ. ವಿನಯವಲ್ಲ ಸ್ವಾಮಿ. ಬಿಗಿ ತಡೆಯಲಾರ. ಬೆಳಿಗ್ಗೆಯಿಂದ ತಲೆ ಸಿಡಿಯುತ್ತಿದೆ ಅವನಿಗೆ.

ಈಗ ನಿಮ್ಮ ಚರ್ಚೆಗೆ ಬರುತ್ತೇನೆ. ಲೀಗಿನವರು ತೆಗೆದುಕೊಳ್ಳುತ್ತಾರೋ ಇಲ್ಲವೋ? ಹುಡುಗನಲ್ಲಿ ಸರಕಿದೆಯೋ ಇಲ್ಲವೋ? ಇದೆ. ನನ್ನ ಜೀವಮಾನದಲ್ಲಿ ಇಂಥ ಕಾಲು, ಇಂಥ ಸಮಯಪ್ರಜ್ಞೆ ನಾನು ಕಂಡಿಲ್ಲ. ಎತ್ತರ ಸಾಲದು ಎನ್ನುವವರು ಬಾಯಿ ಮುಚ್ಚಿಕೊಳ್ಳಲಿ. ಇವತ್ತು ಮಧ್ಯಾಹ್ನ ಆ ತಂಡದ ಮನುಷ್ಯ ಫೋನ್ ಮಾಡಿದ. 'ಸರ್, ನಮಗೆ ಹುಡುಗ ಇಷ್ಟ ಆಗಿದ್ದಾನೆ. ಹತ್ತಿರದಿಂದ ನೋಡಿದವರು ನೀವು. ಒಂದೇ ಮಾತು ಹೇಳಿ, ತಗೊಳ್ಳೋಣವಾ?' ಎಂದ.

ಬೇಡ ಎಂದೆ.

ಯಾಕೆ ಎಂದು ಕೇಳಿದ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಇನ್ನು ಆ ತಂಡವಲ್ಲ, ಯಾವ ತಂಡವೂ ಅವನನ್ನು ಮುಟ್ಟುವುದಿಲ್ಲ. ಅದು ಗೊತ್ತಿದ್ದೇ ಹೇಳಿದೆ.

ಕೂಗಿ. ಕೂಗುವುದಿದ್ದರೆ ಕೂಗಿಬಿಡಿ. ಹಿಂದೆ ನಿಂತವರು ಏನೋ ಅಂದರು, ನನಗೆ ಕೇಳಿಸಿತು. ಮುದುಕನಿಗೆ ಹೊಟ್ಟೆಕಿಚ್ಚು, ತಾನು ಹೋಗಲಿಲ್ಲ, ಅದಕ್ಕೆ ಈ ಹುಡುಗನ ದಾರಿಗೂ ಕಲ್ಲು ಹಾಕಿದ ಅಂತ. ಇರಬಹುದಪ್ಪ. ಬೇಡ ಎಂದು ಹೇಳಿ ಫೋನ್ ಇಟ್ಟಾಗ ನನ್ನ ಮನಸ್ಸಿನ ಮೂಲೆಯಲ್ಲಿ ಏನೋ ಹಗುರವಾದದ್ದು ನಿಜ. ಅದು ಏನೆಂದು ನಾನು ಕೆದಕಲು ಹೋಗಿಲ್ಲ. ನನ್ನ ಮನಸ್ಸು ಹೊಲಸಾಗಿದ್ದರೆ ಡಾಕ್ಟರ ಮಾತು ಸುಳ್ಳಾಗುತ್ತದೆಯೇ?

ಜಾಕ್ಸನ್, ಕೂತ್ಕೊಳಪ್ಪ. ಬೈಯುವುದಿದ್ದರೆ ಇಲ್ಲೇ ಎಲ್ಲರೆದುರಿಗೆ ಬೈದುಬಿಡು. ಹಾರ ತೆಗೆದು ಹಾಕಿದೆ, ಸರಿ. ಹೋಗುತ್ತೀಯಾ? ತಡೆಯಬೇಡಿ ಕುಮಾರ್, ಕೈ ಬಿಡಿ. ಹೋಗಲಿ ಅವನು. ಸಿಟ್ಟು ಬರಬೇಕಾದದ್ದೇ.

ಆ ಕಡೆ ಅಲ್ಲ ಮಗ. ಅದು ಗೋಡೆ. ಪರದೆಯ ಹಿಂದೆ ಬಾಗಿಲಿಲ್ಲ ಕಣೋ. ಮೆಟ್ಟಿಲು ಈ ಕಡೆ ಐತೆ. ಈಗ ಸ್ವಲ್ಪ ಹೊತ್ತಿಗೆ ಮುಂಚೆ ಈ ಕಡೆಯಿಂದಲೇ ಹತ್ತಿ ಬಂದೆಯಲ್ಲ, ನಾನೇ ಜೊತೆಗಿದ್ದೆನಲ್ಲ. ಅಲ್ಲ, ಅಲ್ಲೂ ಇಲ್ಲ. ಅಲ್ಲೇ ನಿಂತುಕೋ. ನಿಂತುಕೋ ಮಗ, ಯಾರಾದರೂ ಬರುತ್ತಾರೆ.

ಅವತ್ತು ಹಾನುಬಾಳಿನಲ್ಲಿ ನಕ್ಕಿರಲ್ಲ? ಈಗ ನಗುವುದಿಲ್ಲವೇ?

ಲೂಯಿಜಮ್ಮ, ಬನ್ನಿ, ಹತ್ತಿ ಬನ್ನಿ. ಕ್ಯಾಸ್ಮಿರ್ ಅವರೇ, ಅವರ ಕೈ ಹಿಡಿದುಕೊಳ್ಳಿ, ಮೆಟ್ಟಿಲು ಕಾಣುತ್ತಿಲ್ಲ ಅವರಿಗೆ. ಅಲ್ಲಿದ್ದಾನೆ ನೋಡಿ ನಿಮ್ಮ ಮಗ. ಮನೆಗೆ ಕರೆದುಕೊಂಡು ಹೋಗಿ.

ಇಷ್ಟು ಹೊತ್ತು ಈ ಮುದುಕನ ಮಾತನ್ನು ತಡೆದುಕೊಂಡ ಎಲ್ಲರಿಗೂ ನಾನು ಋಣಿ. ನಮಸ್ಕಾರ.