ನೀಲಿ ಕಾರಿನ ಕುಂಕುಮ

ಬನಶಂಕರಿಯಲ್ಲಿ ಬಸ್ ಹತ್ತಿದ ವಯಸ್ಸಾದ ದಂಪತಿ ನನ್ನ ಮುಂದಿನ ಸೀಟಿನಲ್ಲಿ ಕೂತರು. ಆಕೆಯ ಮಡಿಲಲ್ಲಿದ್ದ ಹಿತ್ತಾಳೆ ದೀಪಕ್ಕೆ ‘ದಸರಾ ಬೊಂಬೆ ಸ್ಪರ್ಧೆ, ಪ್ರಥಮ ಬಹುಮಾನ’ ಎಂಬ ಚೀಟಿ ಅಂಟಿಸಿದ್ದರು.

“ಮೂವತ್ತು ವರ್ಷ ಬೀರುವಲ್ಲಿ ಬೀಗ ಹಾಕಿಟ್ಟಿದ್ರಲ್ರೀ ಆ ಪುಟಾಣಿ ರೇಸ್ ಕಾರುಗಳನ್ನ. ಯಾರಾದ್ರೂ ನೋಡಿದ್ರಾ?”

“ಅದು ಹಳೇ ಕಾರುಗಳ ಮಾಡೆಲ್ ಕಣೇ, ಆಟದ ಸಾಮಾನಲ್ಲ. ನನ್ನ ಕೇಳ್ದೇನೇ ಬೊಂಬೆ ಪಕ್ಕ ನಿಲ್ಲಿಸಿಬಿಟ್ಟೆ.”

“ಆಯುಧಪೂಜೆ ದಿನ ಗಾಡಿಗೆ ಪೂಜೆ ಮಾಡ್ದೆ ಇರೋಕಾಗತ್ತಾ?”

“ಅದಕ್ಕೆ ನೀಲಿ ಕಾರಿನ ಪೇಂಟ್ ಮೇಲೆ ಕುಂಕುಮ ಇಡೋದಾ? ಇನ್ನು ಮಾಡೆಲ್ ಕೂಡಿಡೋರು ಯಾರೂ ಮೂಸಿ ನೋಡಲ್ಲ.”

“ಮನೆಗೆ ಬಂದಿದ್ದ ಜಡ್ಜ್ ಮೇಡಂ ನೋಡಿದ್ರಲ್ಲ! ನಿಂಬೆಹಣ್ಣು ದೊಡ್ಡದಾಯ್ತು ಅಂತ ಚಕ್ರದ ಕೆಳಗೆ ಮೆಣಸಿನಕಾಳು ಇಟ್ಟಿದ್ನಲ್ಲ, ಅದನ್ನ ಕಂಡು ಚಪ್ಪಾಳೆ ತಟ್ಟಿಬಿಟ್ರು. ಅದಿರ್ಲಿ, ಆ ನೀಲಿ ಕಾರಿನ ಅಸಲಿ ಗಾಡಿ ಆಗಿನ ಕಾಲದಲ್ಲಿ ಎಷ್ಟು ರೇಸ್ ಗೆದ್ದಿತ್ತು?”



“ಒಂದೂ ಇಲ್ಲ. ಪ್ರತಿ ಸಲ ಎರಡನೇದು.”

“ಈಗ ಫಸ್ಟ್ ಬಂತು ನೋಡಿ!”

ಯಡಿಯೂರು ಬಂತು. ದೀಪವನ್ನು ಗಂಡನೇ ಎತ್ತಿಕೊಂಡರು.

“ಮನೆಗೆ ಹೋಗ್ತಿದ್ದ ಹಾಗೇ ಕುಂಕುಮ ಒರೆಸಿಬಿಡ್ತೀನಿ ಬಿಡಿ,” ಎಂದರು ಆಕೆ.

“ಮುಟ್ಟಬೇಡ ಕಣೇ!” ಮೆಟ್ಟಿಲಿಳಿಯುತ್ತಲೇ ಅವರು ಕೂಗಿದರು. “ಗೆದ್ದಿರೋ ಗಾಡಿ ಅದು.”